ಪಳೆಯುಳಿಕೆಗಳ ಗುರುತಿಸುವಿಕೆ ಮತ್ತು ಮೌಲ್ಯ: ಬಾಗಲಕೋಟೆ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಹೊಲ, ಹಳ್ಳ ಅಥವಾ ಕಲ್ಲುಗಣಿಗಳಲ್ಲಿ ವಿಶೇಷ ಆಕಾರದ ಕಲ್ಲು ಕಂಡುಬಂದಲ್ಲಿ, ಅದನ್ನು ಒಡೆದು ತೆಗೆಯುವ ಅಥವಾ ಮಾರುವ ಮುನ್ನ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

ಗುರುತಿಸುವಿಕೆ

1. ಬಾಗಲಕೋಟೆ: ಕಲಾದಗಿ ಶಿಲಾಸಮೂಹದ ಸುಣ್ಣಕಲ್ಲು ಮತ್ತು ಡಾಲಮೈಟ್‌ಗಳಲ್ಲಿ ಕಮಾನಿನಂತೆ ಒಂದರ ಮೇಲೊಂದು ಬಾಗಿದ ತೆಳುಪದರಗಳು ಸ್ಟ್ರೊಮ್ಯಾಟೊಲೈಟ್ ಆಗಿರಬಹುದು. ಇವು ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳಿಂದ ರೂಪುಗೊಂಡ ನಿಜವಾದ ಪಳೆಯುಳಿಕೆಗಳು.
2. ಬಾದಾಮಿ: ಮರಳುಗಲ್ಲಿನ ಮೇಲಿನ ಏರಿಳಿತದ ಸಾಲುಗಳು ನೀರಿನ ಅಲೆಗುರುತುಗಳು, ಜೀವಿಗಳ ಅವಶೇಷಗಳಲ್ಲ.
3. ಹುನಗುಂದ ಮತ್ತು ಇಳಕಲ್: ಗ್ರಾನೈಟ್ ಶಿಲಾದ್ರವವು ತಣಿದು ಆದ ಕಲ್ಲಾದುದರಿಂದ ಅದರಲ್ಲಿ ಪಳೆಯುಳಿಕೆ ಇರುವುದಿಲ್ಲ.
4. ಕಲ್ಲಿನ ಬಿರುಕುಗಳಲ್ಲಿ ಕಾಣುವ ಗರಿಯಂತಹ ಕಪ್ಪು ಗುರುತು ಸಾಮಾನ್ಯವಾಗಿ ಮ್ಯಾಂಗನೀಸ್ ಖನಿಜದ್ದು, ಸಸ್ಯದ್ದಲ್ಲ.

ಮೇಲ್ಕಂಡ ಶಿಲೆಗಳು ರೂಪುಗೊಂಡ ಕಾಲದಲ್ಲಿ ಎಲುಬುಳ್ಳ ಪ್ರಾಣಿಗಳಿರಲಿಲ್ಲ. ಆದುದರಿಂದ ಇವುಗಳಲ್ಲಿ ದೊರೆತ ದುಂಡುಕಲ್ಲನ್ನು ಡೈನೋಸಾರ್ ಮೊಟ್ಟೆಯೆಂದು ಹಣ ಕೊಟ್ಟು ಕೊಳ್ಳಬಾರದು.

ಮೌಲ್ಯ

ಪಳೆಯುಳಿಕೆಯ ಮೌಲ್ಯವು ತೂಕ, ಹೊಳಪುಗಳಿಂದಲ್ಲ, ಅದು ದೊರೆತ ಸ್ಥಳ ಹಾಗೂ ಪದರದ ದಾಖಲೆಯಿಂದ ನಿರ್ಧಾರವಾಗುತ್ತದೆ. ಸ್ಥಳದಿಂದ ಕಿತ್ತ ಕಲ್ಲು ಈ ಮೌಲ್ಯದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಆದಕಾರಣ ಅಳತೆಪಟ್ಟಿಯೊಡನೆ ಛಾಯಾಚಿತ್ರ ತೆಗೆದು, ಗ್ರಾಮ, ಸರ್ವೆ ನಂಬರ್ ಮತ್ತು ದಿನಾಂಕ ಬರೆದಿಟ್ಟು, ಗಣಿ ಮತ್ತು ಭೂವಿಜ್ಞಾನ ಇಲಾಖೆ ಅಥವಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರ ಅಭಿಪ್ರಾಯ ಪಡೆಯತಕ್ಕದ್ದು.

ವಿಶೇಷ ಸೂಚನೆ

ಮಲಪ್ರಭಾ ಕಣಿವೆಯಲ್ಲಿ ದೊರೆಯುವ ಆದಿಮಾನವರ ಕಲ್ಲಿನ ಆಯುಧಗಳು ಪಳೆಯುಳಿಕೆಗಳಲ್ಲ, ಪ್ರಾಚ್ಯವಸ್ತುಗಳು. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಅಧಿನಿಯಮದನ್ವಯ ಪರವಾನಗಿಯಿಲ್ಲದೆ ಪ್ರಾಚ್ಯವಸ್ತುಗಳ ವ್ಯಾಪಾರ ನಡೆಸುವುದು ಹಾಗೂ ಖಾಸಗಿಯಾಗಿ ಅವುಗಳನ್ನು ವಿದೇಶಕ್ಕೆ ಸಾಗಿಸುವುದು ಅಪರಾಧವಾಗಿರುತ್ತದೆ.