ಸೈಕಲ್, ಬಿಯರ್ ಮತ್ತು ಅಜ್ಜನ ಕಳ್ಳು

ಕಳೆದ ತಿಂಗಳು ಒಂದು ಭಾನುವಾರ ನಾವು ನಾಲ್ಕು ಜನ ಬೆಳಗ್ಗೆ ಐದೂವರೆಗೆ ಮಣಿಪಾಲದಿಂದ ಸೈಕಲ್ ಹತ್ತಿದೆವು. ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳ. ಅಲ್ಲಿ 1432ರಿಂದ ಬಿಸಿಲು ಮಳೆಗೆ ಅಲುಗಾಡದೆ ನಿಂತಿರುವ ಗೊಮ್ಮಟನಿಗೆ ಕೆಳಗಿಂದಲೇ ಒಂದು ನಮಸ್ಕಾರ ಹೊಡೆದು, ಬನ್ಸ್ ತಿಂದು, ಬೆಳ್ಮಣ್, ಶಿರ್ವದ ಮೇಲಾಗಿ ಕಾಪು. 1901ರ ದೀಪಸ್ತಂಭದ ಬುಡದಲ್ಲಿ ಅರ್ಧ ಗಂಟೆ ಗಾಳಿ ಕುಡಿದು, ಹೈವೇ ಹಿಡಿದು ಉಡುಪಿ, ಕೊನೆಗೆ ಜೀವ ತೆಗೆಯುವ ಆ ಮಣಿಪಾಲದ ಏರು. ಒಟ್ಟು ಎಂಬತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿಯೇ. ನಮ್ಮದು ಮೌಂಟನ್ ಬೈಕ್ ಆದ್ದರಿಂದ ಸಾಧ್ಯವಾದಲ್ಲೆಲ್ಲ ಡಾಂಬರು ಬಿಟ್ಟು ಮುರಕಲ್ಲಿನ ಕೋರೆಯ ದಾರಿ, ಗದ್ದೆಯ ಬದಿ. ವಾಪಸ್ ಬರುವಾಗ ನಾಲ್ಕು ಜನವೂ ಕೆಂಪು ಮಣ್ಣಿನ ಗೊಂಬೆಗಳು :)

ನಮ್ಮ ಗ್ಯಾಂಗಿನಲ್ಲಿ ಒಂದು ರೂಲ್ ಉಂಟು. ಸೈಕಲ್ ಮನೆಯಲ್ಲಿಟ್ಟು, ಮಿಂದು, ಎರಡು ಚೊಂಬು ನೀರು ಕುಡಿದು, ಆಮೇಲೆ ನಡೆದುಕೊಂಡೇ ಬಾರಿಗೆ ಹೋಗಬೇಕು. ಬೆವರಿ ಬಂದವನಿಗೆ ಮೊದಲು ಬೇಕಾದದ್ದು ನೀರು, ಉಪ್ಪು. ಬಿಯರ್ ಹೊಟ್ಟೆಗೆ ಹೋದ ಮೇಲೆ ಮೂತ್ರದ ದಾರಿಯಲ್ಲಿ ಇನ್ನಷ್ಟು ನೀರು ಹೊರಹಾಕುತ್ತದೆ. ಇದೆಲ್ಲ ಗೊತ್ತಿದ್ದೂ ಆ ಮೊದಲ ಗುಟುಕು ಇದೆಯಲ್ಲ.. ಅದನ್ನು ಬರೆದು ಹೇಳಲಿಕ್ಕೆ ಆಗುವುದಿಲ್ಲ ಬಿಡಿ.

ಆ ದಿನ ಟೇಬಲ್ ಮೇಲೆ ಬಂದ ವಿಷಯ, ರೈಡ್ ಮುಗಿಸಿದ ಮೇಲೆ ಯಾವ ಬಿಯರ್ ಬೆಸ್ಟ್? ನನ್ನ ಓಟು ಸಾದಾ ಕಿಂಗ್‌ಫಿಶರ್ ಪ್ರೀಮಿಯಂಗೆ. 4.8 ಪರ್ಸೆಂಟ್, ತೆಳು, ಚೆನ್ನಾಗಿ ತಣ್ಣಗಿದ್ದರೆ ಸಾಕು, ರುಚಿ ಕೇಳುವ ಸ್ಥಿತಿಯಲ್ಲಿ ಯಾರಿರುತ್ತಾರೆ? ಎರಡನೆಯವನದ್ದು 2015ರಲ್ಲಿ ಮಾರ್ಕೆಟಿಗೆ ಬಂದ ಬಿರಾದ ಬಿಳಿ ಗೋಧಿ ಬಿಯರ್. ಮೂರನೆಯವನು ಸ್ಟ್ರಾಂಗ್ ಪಕ್ಷ, "ಕೊಟ್ಟ ದುಡ್ಡಿಗೆ ಕಿಕ್ ಬೇಡವಾ ಮಾರಾಯ?" ಅನ್ನುವವ. ಎಂಬತ್ತು ಕಿಲೋಮೀಟರ್ ತುಳಿದ ಮೇಲೆ ಎಂಟು ಪರ್ಸೆಂಟ್ ಕುಡಿದರೆ ಕಿಕ್ ಅಲ್ಲ, ನೇರ ಹಾಸಿಗೆ, ಅಂತ ಅವನನ್ನು ಸೋಲಿಸಿದೆವು. ನಾಲ್ಕನೆಯವನು ಬೆಂಗಳೂರಿನಿಂದ ಬಂದ ಕಲೀಗು. ಅಲ್ಲಿನ ಮೈಕ್ರೋಬ್ರೂವರಿಗಳಲ್ಲಿ ಅಲ್ಲೇ ಕಾಯಿಸಿ ಅಲ್ಲೇ ಕೊಡುವ ಬಿಯರ್ ಬಿಟ್ಟು ಬೇರೆ ಮುಟ್ಟದವನು. ಅವನು ನನ್ನ ಕಡೆ ತಿರುಗಿ ಕೇಳಿದ, "ಗೋವಾದವರಿಗೆ ಫೆನಿ ಇದೆ ಕಣೋ. ನಿಮ್ಮೂರಿನ ಲೋಕಲ್ ಡ್ರಿಂಕ್ ಏನು?"

ನಾನು ಥಟ್ಟನೆ, "ಅಂಥದ್ದೇನೂ ಇಲ್ಲ" ಅಂದುಬಿಟ್ಟೆ.

ಅದು ಸುಳ್ಳು. ನನ್ನ ಅಜ್ಜ ಕಳ್ಳು ತೆಗೆಯುತ್ತಿದ್ದವರು. ಮುತ್ತಜ್ಜನೂ ಅಷ್ಟೇ. ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಯಾಕೆ ಅನ್ನುವುದು ನನ್ನನ್ನು ಎರಡು ವಾರ ಬಿಡಲಿಲ್ಲ. ನಮ್ಮಂಥ ಎಂಜಿನಿಯರುಗಳಿಗೆ ಗೊತ್ತಿರುವುದು ಒಂದೇ ದಾರಿ, ಬಗ್ ಎಲ್ಲಿ ಶುರುವಾಯಿತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗುವುದು. ಹಾಗೆ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಯರಿನ ಕಥೆ. ಇಂಗ್ಲಿಷರು ನಮ್ಮ ದೇಶಕ್ಕೆ ಬಂದಾಗ ಅವರಿಗೆ ಇಲ್ಲಿನ ಸೆಕೆಯಲ್ಲಿ ಬಿಯರ್ ಕಾಯಿಸಲು ಆಗುತ್ತಿರಲಿಲ್ಲ. ಹದಿನೆಂಟನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್‌ನ ಬ್ರೂವರಿಯಿಂದ ಹಡಗಿನಲ್ಲಿ ಪೀಪಾಯಿಗಳು ಬರುತ್ತಿದ್ದವು. ತಿಂಗಳುಗಟ್ಟಲೆ ಸಮುದ್ರದಲ್ಲಿ ಹಾಳಾಗದಿರಲೆಂದು ಹಾಪ್ಸ್ ಜಾಸ್ತಿ ಹಾಕಿದ ಆ ಕಹಿ ಬಿಯರಿಗೆ ಮುಂದೆ ಇಂಡಿಯಾ ಪೇಲ್ ಏಲ್ ಅಂತಲೇ ಹೆಸರಾಯಿತು. ಆಮೇಲೆ ತಂಪು ಊರುಗಳನ್ನು ಹುಡುಕಿ ಇಲ್ಲೇ ಕಾಯಿಸಲು ಶುರು ಮಾಡಿದರು. ಹಿಮಾಲಯದ ಬದಿಯ ಕಸೌಲಿಯಲ್ಲಿ ಎಡ್ವರ್ಡ್ ಡಯರ್ ಎಂಬವನು ಬ್ರೂವರಿ ಹಾಕಿದ. 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ಜನರಲ್ ಡಯರ್ ಇವನ ಮಗ. ದಕ್ಷಿಣದಲ್ಲಿ ನೀಲಗಿರಿ ಮತ್ತು ಬೆಂಗಳೂರು. ಬೆಂಗಳೂರಿನಲ್ಲಿ 1809ರಿಂದ ದಂಡು ಇತ್ತು, ದಂಡಿನಲ್ಲಿ ಬಾಯಾರಿದ ಸಿಪಾಯಿಗಳಿದ್ದರು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು ಇಂಥ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ.

ಇಲ್ಲಿ ನಮ್ಮ ಊರಿನವರ ಪ್ರವೇಶ. ಬಂಟ್ವಾಳ ಮೂಲದ ಕುಟುಂಬದ ವಿಠಲ ಮಲ್ಯ ಎಂಬ ಯುವಕ (ಹುಟ್ಟಿದ್ದು 1924ರಲ್ಲಿ, ಢಾಕಾದಲ್ಲಿ, ತಂದೆ ಸೈನ್ಯದಲ್ಲಿದ್ದರು) ಸದ್ದಿಲ್ಲದೆ ಈ ಕಂಪನಿಯ ಶೇರು ಖರೀದಿಸುತ್ತಾ ಹೋಗಿ, 1947ರಲ್ಲಿ ಅದರ ಮೊದಲ ಭಾರತೀಯ ಡೈರೆಕ್ಟರ್ ಆದರು. ಮರುವರ್ಷ, 1948ರಲ್ಲಿ, ಚೇರ್ಮನ್. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ನಮಗೆ ಆ ವಯಸ್ಸಿನಲ್ಲಿ ಅಪ್ರೈಸಲ್ ಲೆಟರಿನದ್ದೇ ಚಿಂತೆ! ನಾವು ಇವತ್ತು ಕುಡಿಯುವ ಕಿಂಗ್‌ಫಿಶರ್ ಬಿಡುಗಡೆಯಾದದ್ದು 1978ರಲ್ಲಿ. ಮುಂದಿನದ್ದು ನಿಮಗೆ ಗೊತ್ತೇ ಇದೆ. 1983ರಲ್ಲಿ ಮಗ ವಿಜಯ ಮಲ್ಯ, ಆಮೇಲೆ ವಿಮಾನ, 2016ರಲ್ಲಿ ಲಂಡನ್, 2021ರಲ್ಲಿ ಕಂಪನಿ ಡಚ್ಚರ ಹೈನೆಕೆನ್ ಕೈಗೆ.

ನಾನು ನಿಂತದ್ದು 1948 ಎಂಬ ಇಸವಿಯ ಹತ್ತಿರ. ಯಾಕೆಂದರೆ ಆ ಇಸವಿ ನಮ್ಮ ಮನೆಯಲ್ಲೂ ಇತ್ತು.

ಆಗ ದಕ್ಷಿಣ ಕನ್ನಡ (ಉಡುಪಿ, ಕಾರ್ಕಳ, ಕಾಪು ಎಲ್ಲ ಸೇರಿ) ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಮದ್ರಾಸಿನಲ್ಲಿ ರಾಜಾಜಿಯವರು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಿಂದ ಪಾನನಿರೋಧ ಶುರು ಮಾಡಿದ್ದರು. ಯುದ್ಧದ ಕಾಲದಲ್ಲಿ ಅದು ನಿಂತು, ಮತ್ತೆ ಹಂತ ಹಂತವಾಗಿ ಬಂದು, 1948ರ ಹೊತ್ತಿಗೆ ಇಡೀ ಪ್ರಾಂತ್ಯ ಒಣಗಿತು. ಅಂದರೆ ಬಂಟ್ವಾಳ ಮೂಲದವರೊಬ್ಬರು ದೇಶದ ದೊಡ್ಡ ಬಿಯರ್ ಕಂಪನಿಯ ಕುರ್ಚಿಯಲ್ಲಿ ಕೂತ ವರ್ಷದಲ್ಲಿ, ಬಂಟ್ವಾಳವಿದ್ದ ಜಿಲ್ಲೆಯಲ್ಲಿ ಮರ ಹತ್ತಿ ಒಂದು ಕುಡಿಕೆ ಕಳ್ಳು ಇಳಿಸುವುದು ಅಪರಾಧ! ಇದರಲ್ಲಿ ಮಲ್ಯರ ತಪ್ಪು ಏನೂ ಇಲ್ಲ, ಬೆಂಗಳೂರು ಬೇರೆ ಸರಕಾರದ ಕೆಳಗಿತ್ತು. ಆದರೆ ಎರಡೂ ಸುದ್ದಿಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ಕ್ಷಣ ಮಾತು ಬರಲಿಲ್ಲ.

ಅಜ್ಜನಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಮರ ಹತ್ತುವುದನ್ನು ಆಗಷ್ಟೇ ಪೂರ್ತಿ ಕಲಿತಿದ್ದರು. ಆ ಕೆಲಸಕ್ಕೆ ನಮ್ಮ ಕಡೆ ಮೂರ್ತೆ ಅನ್ನುತ್ತಾರೆ, ಕಳ್ಳಿಗೆ ತುಳುವಿನಲ್ಲಿ ಕಲಿ. ಹೊರಗಿನವರು ತಿಳಿದ ಹಾಗೆ ಮರಕ್ಕೆ ತೂತು ಕೊರೆದರೆ ಕಳ್ಳು ಸುರಿಯುವುದಿಲ್ಲ. ಅರಳದ ಹೊಂಬಾಳೆಯನ್ನು ಬಿಗಿಯಾಗಿ ಕಟ್ಟಿ, ದಿನಗಟ್ಟಲೆ ಹದವಾಗಿ ತಟ್ಟಿ ತಟ್ಟಿ ಮೆತ್ತಗೆ ಮಾಡಿ, ತುದಿಯನ್ನು ಕತ್ತಿಯಲ್ಲಿ ಕಾಗದದಷ್ಟು ತೆಳ್ಳಗೆ ಕೆತ್ತಿ ಕುಡಿಕೆ ಕಟ್ಟಬೇಕು. ಜೋರಾಗಿ ತಟ್ಟಿದರೆ ಹೊಂಬಾಳೆ ಸತ್ತಿತು, ಮೆಲ್ಲಗೆ ತಟ್ಟಿದರೆ ರಸವಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಪ್ರತಿ ಮರ ಹತ್ತಬೇಕು. ರಸ ಮರದಲ್ಲೇ ಹುಳಿಯಲು ಶುರು. ಗಾಳಿಯಲ್ಲಿರುವ ಯೀಸ್ಟ್ ತಾನಾಗಿ ಬಂದು ಕೂರುತ್ತದೆ. ಬೆಳಗ್ಗೆ ಸಿಹಿ, ಕೆಲವೇ ಗಂಟೆಯಲ್ಲಿ ನಮ್ಮ ಸಾದಾ ಬಿಯರಿನಷ್ಟು ಅಮಲು, ಮರುದಿನಕ್ಕೆ ವಿನೆಗರಿನ ದಾರಿ. ಕುಡಿಕೆಯ ಒಳಗೆ ಸುಣ್ಣ ಬಳಿದರೆ ಹುಳಿಯುವುದಿಲ್ಲ, ಅದನ್ನು ಕಾಯಿಸಿದರೆ ಬೆಲ್ಲ. ನಮ್ಮ ಕ್ರಿಶ್ಚಿಯನ್ ಬಂಧುಗಳ ಹಬ್ಬದ ಸನ್ನ ಉಬ್ಬುತ್ತಿದ್ದದ್ದೂ ಇದೇ ಕಳ್ಳಿನಿಂದ. ಗದ್ದೆ ಕೆಲಸ ಮುಗಿಸಿ ಬಂದವರಿಗೆ ಸಂಜೆ ಒಂದು ಕುಡಿಕೆ.. ಯೋಚನೆ ಮಾಡಿ, ನಾವು ಸೈಕಲ್ ತುಳಿದು ಬಂದು ಹುಡುಕುವುದೂ ಅದನ್ನೇ ಅಲ್ಲವೇ?

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕಂಪನಿ ಸರಕಾರಕ್ಕಾಗಿ ನಮ್ಮ ಜಿಲ್ಲೆಯನ್ನು ಸುತ್ತಿದಾಗ, ಬಿಲ್ಲವರ ಕಸುಬು ಮರದ ರಸ ತೆಗೆಯುವುದು, ಅದನ್ನು ಕಾಯಿಸಿ ಬೆಲ್ಲ ಮಾಡುವುದು, ಬಟ್ಟಿ ಇಳಿಸುವುದು ಅಂತ ಬರೆದುಕೊಂಡ. ಕೋಟಿ ಚೆನ್ನಯರು ಗರಡಿಗಳಲ್ಲಿ ನಿಂತಿರುವುದು, ಅವರ ತಾಯಿ ದೇಯಿ ಬೈದೆತಿ ಬಲ್ಲಾಳನ ಹುಣ್ಣು ಗುಣ ಮಾಡಿದ ಮದ್ದಿನವಳಾಗಿದ್ದುದು ಅವನ ಪಟ್ಟಿಯಲ್ಲಿಲ್ಲ. ಒಂದು ಸಮುದಾಯಕ್ಕೆ ಒಂದೇ ಕಸುಬಿನ ಚೀಟಿ ಅಂಟಿತು. 1886ರ ಮದ್ರಾಸ್ ಅಬ್ಕಾರಿ ಕಾಯಿದೆಯಿಂದ ಲೈಸೆನ್ಸಿನ ಹಿಡಿತ ಬಿಗಿಯಾಯಿತು. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಹರಾಜು ಹಿಡಿಯುವವನು ದುಡ್ಡಿದ್ದವನು, ಮರ ಹತ್ತುವವನು ನಮ್ಮ ಮುತ್ತಜ್ಜ. ಸರಕಾರಕ್ಕೆ ಆದಾಯ, ಗುತ್ತಿಗೆದಾರನಿಗೆ ಲಾಭ, ನಮಗೆ "ಕಳ್ಳಿನವರು" ಅನ್ನುವ ಹೆಸರು.

ಹಾಗಂತ ಇದನ್ನೆಲ್ಲ ಬರೀ ಹೊಗಳಲು ಕೂತಿಲ್ಲ. ನಮ್ಮ ಮನೆಯ ಚಾವಡಿಯಲ್ಲಿ ನಾರಾಯಣ ಗುರುಗಳ ಫೋಟೋ ಉಂಟು. ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನವನ್ನು 1912ರಲ್ಲಿ ಪ್ರತಿಷ್ಠೆ ಮಾಡಿದವರು ಅವರು. ಕಳ್ಳು ತೆಗೆಯಬೇಡಿ, ಮಾರಬೇಡಿ, ಕುಡಿಯಬೇಡಿ ಅಂತ ನಮ್ಮವರಿಗೇ ಹೇಳಿದವರೂ ಅವರೇ. ಆ ಮಾತು ಎಷ್ಟು ನಿಜ ಅಂತ ನಮ್ಮ ಮನೆಯವರಿಗೆ ಗೊತ್ತು. ನನ್ನ ದೊಡ್ಡಪ್ಪ ಒಬ್ಬರು ನಲವತ್ತು ದಾಟುವ ಮೊದಲೇ ಸಾರಾಯಿಯಿಂದ ಹೋದರು. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ದೊಡ್ಡಮ್ಮ ದೇವರಿಗೆ ದೀಪ ಹಚ್ಚಿದ್ದರಂತೆ. ಕುಡಿತದ ಸಂಕಟ ಸುಳ್ಳಲ್ಲ. ನನ್ನ ಪ್ರಶ್ನೆ ಬೇರೆ. ಗಡಂಗಿನಲ್ಲಿ ಕೂತವನಿಗೆ ಇರುವ ನಾಚಿಕೆ ಎಸಿ ಬಾರಿನಲ್ಲಿ ಕೂತ ನನಗೆ ಯಾಕಿಲ್ಲ? ಅಮಲು ಎರಡರಲ್ಲೂ ಸುಮಾರು ಅಷ್ಟೇ. ಬಾಟಲಿಗೆ ಲೇಬಲ್ ಉಂಟು, ಕುಡಿಕೆಗೆ ಜಾತಿ ಉಂಟು. ವ್ಯತ್ಯಾಸ ಅಷ್ಟೇ ಅಂತ ನನಗೆ ಈಗ ಅನ್ನಿಸುತ್ತದೆ.

ಅಂದ ಹಾಗೆ ಹುಡುಕುವಾಗ ಇನ್ನೊಂದು ಸಿಕ್ಕಿತು. ಜರ್ಮನಿಯಲ್ಲಿ ಅರ್ಧ ಬಿಯರ್, ಅರ್ಧ ಲಿಂಬೆ ಸೋಡಾ ಬೆರೆಸಿದ ಪಾನೀಯಕ್ಕೆ ರಾಡ್ಲರ್ ಅನ್ನುತ್ತಾರೆ. ರಾಡ್ಲರ್ ಅಂದರೆ ಸೈಕಲ್ ತುಳಿಯುವವನು! 1922ರ ಜೂನಿನಲ್ಲಿ ಮ್ಯೂನಿಕ್ ಹತ್ತಿರದ ಡೈಸೆನ್‌ಹೋಫೆನ್‌ನಲ್ಲಿ ಫ್ರಾಂಟ್ಸ್ ಕೂಗ್ಲರ್ ಎಂಬವನ ಹೋಟೆಲಿಗೆ ಹದಿಮೂರು ಸಾವಿರ ಸೈಕಲ್ ಸವಾರರು ನುಗ್ಗಿದರಂತೆ, ಬಿಯರ್ ಸಾಲದೆ ಅವನು ಲಿಂಬೆ ಸೋಡಾ ಬೆರೆಸಿ "ಇದು ನಿಮಗಾಗಿಯೇ ಮಾಡಿದ್ದು" ಅಂದನಂತೆ. ಚಂದದ ಕಥೆ, ಆದರೆ 1912ರಲ್ಲೇ ಅಚ್ಚಾದ ಲೇನಾ ಕ್ರಿಸ್ಟ್ ಎಂಬ ಲೇಖಕಿಯ ಆತ್ಮಕಥೆಯಲ್ಲಿ ಈ ಪಾನೀಯ ಬರುತ್ತದೆ. ಅಂದರೆ ಕೂಗ್ಲರ್ ಕಂಡುಹಿಡಿದದ್ದಲ್ಲ. ಆದರೂ ಜಗತ್ತು ಅವನ ಹೆಸರನ್ನು ಹೇಳುತ್ತದೆ. ಹೆಮ್ಮೆಯಿಂದ ಹೇಳಿಕೊಂಡವನ ಹೆಸರು ಉಳಿಯುತ್ತದೆ ಮಾರಾಯ್ರೆ. ನಾವು ಹೇಳಿಕೊಳ್ಳಲೇ ಇಲ್ಲ. ನಾನು ಐದನೇ ಕ್ಲಾಸಿನಲ್ಲಿ "ಅಜ್ಜನ ಕೆಲಸ" ಅನ್ನುವಲ್ಲಿ ಕೃಷಿ ಅಂತ ಬರೆದದ್ದು ಈಗಲೂ ನೆನಪುಂಟು.

ಮೊನ್ನೆ ಭಾನುವಾರ ಒಬ್ಬನೇ ಸೈಕಲ್ ತುಳಿದು ಬೆಳ್ಮಣ್ ಹತ್ತಿರದ ಅಜ್ಜಿ ಮನೆಗೆ ಹೋದೆ. ಅಜ್ಜಿ ಮೊದಲು ಕೊಟ್ಟದ್ದು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಯಾವ ಎನರ್ಜಿ ಡ್ರಿಂಕೂ ಬೇಡ. ಆಮೇಲೆ ಕೇಳಿದೆ, "ಅಜ್ಜಿ, ಬಂದ್ ಮಾಡಿದಾಗ ಅಜ್ಜ ಏನು ಮಾಡಿದರು?"

"ಏನು ಮಾಡುವುದು ಮಗಾ, ಬೊಂಬಾಯಿಗೆ ಹೋದರು. ಹೋಟೆಲಿನಲ್ಲಿ ಲೋಟ ತೊಳೆದರು. ಮದುವೆ ಆದ ಮೇಲೂ ಎಷ್ಟೋ ವರ್ಷ ಅಲ್ಲೇ. ಇಲ್ಲಿ ಕಾನೂನು ಸಡಿಲವಾಯಿತು ಅಂತ ಗೊತ್ತಾದ ಮೇಲೆ ಬಂದರು. ಬಂದವರು ಊಟ ಮಾಡದೆ ಸೀದಾ ಮರದ ಹತ್ತಿರ ಹೋದರು. ಕಾಲು ಮರೆತಿಲ್ಲ ಅಂತ ನೋಡಬೇಕಿತ್ತಂತೆ."

1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1960ರ ದಶಕದ ಕೊನೆಗೆ ಇಲ್ಲಿ ಪಾನನಿರೋಧ ಸಡಿಲವಾಯಿತು. ಅಲ್ಲಿಯವರೆಗೆ, ಸುಮಾರು ಇಪ್ಪತ್ತು ವರ್ಷ, ಅಜ್ಜ ಲೋಟ ತೊಳೆದಿದ್ದರು. ಆಮೇಲೆ ಅರುವತ್ತರ ಪ್ರಾಯದವರೆಗೆ ಮರ ಹತ್ತಿದರು. ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡರು. ಒಂದು ದಿನವೂ ನಾನು ಅವರ ಹತ್ತಿರ ಕೂತು ಇದನ್ನೆಲ್ಲ ಕೇಳಿರಲಿಲ್ಲ.

"ಕತ್ತಿ ಉಂಟಾ ಅಜ್ಜಿ?" ಅಂದೆ. ಅಟ್ಟದಲ್ಲಿತ್ತು. ತುಕ್ಕು ಹಿಡಿದಿದೆ, ಆದರೆ ಮರದ ಹಿಡಿ ಬೆರಳಿನ ಆಕಾರಕ್ಕೆ ಸವೆದು ಹಾಗೇ ಉಂಟು. ನನ್ನ ಕೈ ಅದರಲ್ಲಿ ಸರಿಯಾಗಿ ಕೂರಲಿಲ್ಲ. ಕೀಬೋರ್ಡಿನ ಕೈ.

ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳು ಈಗಲೂ ಇವೆ, ಮರ ಹತ್ತುವವರು ಮಾತ್ರ ಕಡಿಮೆ. ಮಕ್ಕಳು ಹತ್ತುವುದಿಲ್ಲ, ಹತ್ತಲಿ ಅಂತ ನಾನು ಹೇಳುವುದೂ ಇಲ್ಲ. ಬೀಳುವ ಭಯ ಬರೆಯುವವನಿಗೆ ಇರುವುದಿಲ್ಲ.

ವಾಪಸ್ ಬಂದು ಬೆಂಗಳೂರಿನ ಆ ಗೆಳೆಯನಿಗೆ ಫೋನ್ ಮಾಡಿ ನಿಜ ಹೇಳಿದೆ. ಎರಡು ಸೆಕೆಂಡ್ ಸುಮ್ಮನಿದ್ದ. ಆಮೇಲೆ, "ಮುಂದಿನ ರೈಡ್ ಯಾವಾಗ ಕಣೋ? ನನಗೆ ಅದು ಬೇಕು" ಅಂದ. ಬೆಳಗ್ಗೆ ಇಳಿಸಿದ್ದು ಸಂಜೆಗೆ ಬೇರೆಯೇ ಆಗುತ್ತದೆ, ಆದ್ದರಿಂದ ಈ ಸಲ ಬೇಗ ಹೊರಟು ಬೇಗ ಮುಗಿಸುವುದು ಅಂತ ತೀರ್ಮಾನ :)

ಪಟ್ಟಿ ಕೇಳಿದರೆ ನನ್ನ ಎರಡನೇ ನಂಬರಿಗೆ ಈಗಲೂ ತಣ್ಣಗಿನ ಕಿಂಗ್‌ಫಿಶರ್. ಮೊದಲನೆಯದನ್ನು ಇನ್ನು ಯಾರು ಕೇಳಿದರೂ ಹೇಳುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಬರೆಯಿರಿ, ಓದಲು ನನಗೆ ಆಸೆ.