ಜಾಝ್ ಫ್ಯೂಷನ್: ನಾನು ತಡವಾಗಿ ಕೇಳಿಸಿಕೊಂಡ ತಾಳ

ಒಮ್ಮೆ ಆದಿತಾಳ ಹಾಕಿ ನೋಡಿ. ಎಂಟು ಅಕ್ಷರ, ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ ಒಂದು ಆವರ್ತಕ್ಕೆ 32 ಮಾತ್ರೆ. ಐದು ಮಾತ್ರೆಯ 'ತದಿಗಿಣತೋಂ' ಎಂಬ ಸೊಲ್ಲನ್ನು ಮೂರು ಸಲ, ನಡುವೆ ಎರಡೆರಡು ಮಾತ್ರೆ ಬಿಟ್ಟು ಹೇಳಿದರೆ 19 ಆಯಿತು. ಹಾಗಾದರೆ 13 ಮಾತ್ರೆ ಕಳೆದ ಮೇಲೆ ಎತ್ತಿಕೊಂಡರೆ ಮಾತ್ರ ಸರಿಯಾಗಿ ಸಮಕ್ಕೆ ಬಂದು ಮುಟ್ಟುತ್ತೀರಿ. ಈ ಕೂಡುಲೆಕ್ಕಕ್ಕೂ ಜಾಝ್‌ಗೂ ಏನು ನಂಟು ಎನ್ನುತ್ತೀರಾ?

ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1969ರಲ್ಲಿ 'ಇನ್ ಎ ಸೈಲೆಂಟ್ ವೇ' ಹೊರತಂದರು. ವಿದ್ಯುತ್ ಗಿಟಾರ್, ವಿದ್ಯುತ್ ಪಿಯಾನೊಗಳು ಜಾಝ್ ಜೊತೆ ಸೇರಿದ ಈ ಬಗೆಗೆ ಫ್ಯೂಷನ್ ಎಂಬ ಹೆಸರು ಬಂತು. ಅದರಲ್ಲಿ ಗಿಟಾರ್ ನುಡಿಸಿದ ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್ ಮುಂದೆ ಜಾಕಿರ್ ಹುಸೇನರ ತಬಲ, ಎಲ್. ಶಂಕರ್ ಅವರ ಪಿಟೀಲು, ವಿಕ್ಕು ವಿನಾಯಕರಾಂ ಅವರ ಘಟ ಕೂಡಿಸಿ 'ಶಕ್ತಿ' ತಂಡ ಕಟ್ಟಿದರು. ತಂಡದ ಮೊದಲ ಧ್ವನಿಮುದ್ರಿಕೆ 1975ರ ಕಛೇರಿಯೊಂದರದು.

1990ರ ದಶಕದ ಕೊನೆಗೆ ನಾನು ಬೆಂಗಳೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ಆ ಕ್ಯಾಸೆಟ್ಟು ಹಾಸ್ಟೆಲಿನ ತುಂಬ ಓಡಾಡುತ್ತಿತ್ತು. ಅದರ ವೇಗಕ್ಕೆ ನಾನು ಮರುಳಾಗಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಟೇಪ್ ರೆಕಾರ್ಡರ್ ಕೆಟ್ಟಿತು, ಕ್ಯಾಸೆಟ್ಟುಗಳು ರದ್ದಿಗೆ ಹೋದವು.

2024ರ ಡಿಸೆಂಬರಿನಲ್ಲಿ ಜಾಕಿರ್ ಹುಸೇನ್ ನಿಧನರಾದಾಗ ಮತ್ತೆ ಕೇಳಿದೆ. ಈ ಸಲ ಕಿವಿಗೆ ಬಿದ್ದದ್ದು ವೇಗವಲ್ಲ, ಲೆಕ್ಕ! ನಾಲ್ವರೂ ಬೇರೆ ಬೇರೆ ದಾರಿ ಹಿಡಿದು ಒಂದೇ ಸಮಕ್ಕೆ ಬಂದು ಕೂಡುತ್ತಾರೆ. ರಾಗಕ್ಕೆ ಅಲುಗಾಡದ ಆಧಾರ ಷಡ್ಜ ಬೇಕು. ಜಾಝ್‌ಗೆ ಬದಲಾಗುತ್ತ ಹೋಗುವ ಸ್ವರಮೇಳ ಬೇಕು. ಅಲ್ಲಿ ಹೊಂದಿಕೆ ಕಷ್ಟ. ಎಣಿಕೆಗೆ ಆ ತೊಡಕಿಲ್ಲ. (ಡ್ರಮ್ಮಿನ ಮೇಲೆ ಸಿತಾರ್ ಹರಡಿ ಅದನ್ನೇ ಫ್ಯೂಷನ್ ಎನ್ನುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ.)

ಹುಡುಕುತ್ತ ಹೋದಾಗ 1983ರ 'ಜ್ಯೋತಿ' ಸಿಕ್ಕಿತು. ಜರ್ಮನಿಯ ಇ.ಸಿ.ಎಂ. ಸಂಸ್ಥೆಯ ಧ್ವನಿಮುದ್ರಿಕೆ. ಅಮೆರಿಕದ ಚಾರ್ಲಿ ಮರಿಯಾನೊ ಸ್ಯಾಕ್ಸೊಫೋನ್ ನುಡಿಸಿದ್ದಾರೆ. ಜೊತೆಗಿರುವವರು ಯಾರು ಗೊತ್ತೇ? ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬಳಗ! ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಗಾಯನ, ಘಟ, ಖಂಜಿರ, ಕೊನ್ನಕ್ಕೋಲು. ಫ್ಯೂಷನ್ ಎಂದರೆ ಹಡಗೇರಿ ಬಂದ ಸರಕು ಎಂದುಕೊಂಡಿದ್ದ ನಾನು, ಓದುತ್ತಿದ್ದ ಊರಿನಲ್ಲೇ ಇದ್ದ ಅವರನ್ನು ಒಮ್ಮೆಯೂ ಎದುರು ಕುಳಿತು ಕೇಳಲಿಲ್ಲ. ಮರಿಯಾನೊ 2009ರಲ್ಲಿ, ಮಣಿಯವರು 2020ರಲ್ಲಿ ತೀರಿಕೊಂಡರು.

ಈಗ ರಾತ್ರಿ ಸಂಕಲನದ ಕೆಲಸ ಮುಗಿದ ಮೇಲೆ 'ಜ್ಯೋತಿ' ಹಾಕಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತೇನೆ. ನಡುವೆ ಎಲ್ಲೋ ಲೆಕ್ಕ ತಪ್ಪುತ್ತದೆ. ಮತ್ತೆ ಮೊದಲಿನಿಂದ ಹಚ್ಚುತ್ತೇನೆ.