ವಿಶ್ವಕೋಶದಲ್ಲಿ ಕೇರಿಗೆ ಜಾಗ ಎಲ್ಲಿ?

ಕಡೂರು ಸೀಮೆಯ ಚರಿತ್ರೆಯನ್ನು ಬಿ.ಎಲ್. ರೈಸ್ 1897ರ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟ. ಅಜ್ಜಂಪುರಕ್ಕೆ ಹೆಸರು ತಂದ ಅಮೃತಮಹಲ್ ದನಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಸತ್ತ ದನ ಹೊತ್ತವರು, ತೊಗಲು ಹದ ಮಾಡಿ ಮಿಣಿ ಹೆಣೆದವರು ಯಾವ ಕಾಗದದಲ್ಲಿದ್ದಾರೆ?

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂತು. ಹದಿನಾಲ್ಕನೆಯದು ಬರುವಷ್ಟರಲ್ಲಿ 2004. ಅದಕ್ಕೂ ಮೊದಲೇ, 2003ರ ಜೂನಿನಲ್ಲಿ, ಕನ್ನಡ ವಿಕಿಪೀಡಿಯ ಹುಟ್ಟಿತ್ತು. ಸಂಬಳ ಇಲ್ಲ, ಪದವಿ ಬೇಕಿಲ್ಲ. ಅಕ್ಷರ ಬಲ್ಲ ಯಾರು ಬೇಕಾದರೂ ಬರೀಬಹುದು, ತಿದ್ದಬಹುದು. ಒಟ್ಟಿಗೆ ಕೂತು ಬರೆಯುವ ಸಂಪಾದನೋತ್ಸವಗಳೂ ನಡೆದವು. 2014ರಲ್ಲಿ ವಿಶ್ವವಿದ್ಯಾನಿಲಯವೇ ತನ್ನ ಆರು ಸಂಪುಟಗಳನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು.

ಬಾಗಿಲು ತೆರೆದಿದೆ, ನಿಜ. ಆದರೆ ಹೊಸ್ತಿಲಲ್ಲೇ ಕೇಳ್ತಾರೆ: ಅಚ್ಚಾದ ಆಧಾರ ಎಲ್ಲಿ? ಸುಳ್ಳು ತಡೆಯಲು ಅದು ಬೇಕೇ ಬೇಕು. ನಮ್ಮ ಅವ್ವಂದಿರ ಬಾಯಲ್ಲಿರೋದು ಮಾತ್ರ ಅಚ್ಚಾಗಿಲ್ಲ. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಲ ಇದೇ ಪ್ರಶ್ನೆ ಎತ್ತಿ, ಬಾಯಿಮಾತನ್ನು ಧ್ವನಿಮುದ್ರಿಸಿ ಆಧಾರವಾಗಿ ಇಟ್ಟು ತೋರಿಸಿದರು.

ಅದಕ್ಕೇ ಮೇಷ್ಟ್ರೇ, ಗೆಳೆಯರೇ, ಕಡೂರು, ತರೀಕೆರೆ, ಅಜ್ಜಂಪುರದ ಕೇರಿಗಳಲ್ಲಿ ಮೊದಲು ಕೂತು ಕೇಳೋಣ. ಕೇಳಿದ್ದನ್ನು ಊರು, ತಾರೀಖು ಸಮೇತ ಇಂಥ ಪುಟ್ಟ ಪತ್ರಿಕೆಗಳಲ್ಲಿ ಅಚ್ಚು ಹಾಕೋಣ. ಆಮೇಲೆ ಆಧಾರ ಕೇಳಿದವರ ಮುಂದೆ ನಮ್ಮದೇ ಕಾಗದ ಇಡೋಣ.